ಕಸ ಚೆಲ್ಲುವ ಕೆಲಸ

ಬಂಡೆಮ್ಮನ ಗುಡಿಸಲಿನ ಮಾಡಿನಲ್ಲಿ ಒಂದು ಈಜುಕೊಳವಿತ್ತು. ತಿಳಿನೀಲಿ ನೀರು, ದಡದಲ್ಲಿ ಕಾಲು ಇಳಿಬಿಟ್ಟು ಕೂತ ಗಂಡ ಹೆಂಡತಿ, ಇಬ್ಬರ ಕೈಯಲ್ಲೂ ಹಣ್ಣಿನ ರಸದ ಗ್ಲಾಸು. ಮಣಿಕೊಂಡದಲ್ಲಿ ಆಕೆಯ ಗಂಡ ಅಂಬಣ್ಣ ಇಟ್ಟಿಗೆ ಹೊತ್ತ ಅಪಾರ್ಟ್‌ಮೆಂಟಿನ ಜಾಹೀರಾತು ಅದು. ಫ್ಲ್ಯಾಟುಗಳೆಲ್ಲ ಮಾರಿಹೋದ ಮೇಲೆ ಅವನು ವಾಚ್‌ಮನ್‌ನ ಕೈಕಾಲು ಹಿಡಿದು ಆ ಫ್ಲೆಕ್ಸ್ ತಂದು, ಚಿತ್ರ ಒಳಗೆ ಕಾಣುವ ಹಾಗೆ ಹೊದಿಸಿದ್ದ. ಮಳೆ ಬಂದರೆ ಸರಿಯಾಗಿ ಆ ಹೆಂಗಸಿನ ಪಾದದ ಹತ್ತಿರವೇ ಸೋರುತ್ತಿತ್ತು.

"ಏ ನಿನ್ನ, ಕಾಲು ಮ್ಯಾಲ ತಗೋಬಾರದೇನ," ಎಂದು ಮಾಡಿಗೆ ಬೈದು ಬಂಡೆಮ್ಮ ಕೆಳಗೊಂದು ಪಾತ್ರೆ ಇಡುತ್ತಿದ್ದಳು.

ಸೇಡಂ, ಚಿತ್ತಾಪುರದ ಕಡೆಯಿಂದ ಗಡಿ ದಾಟಿ ಈ ತೆಲುಗು ಸೀಮೆಗೆ ದುಡಿಯಲು ಬಂದ ಹತ್ತು-ಹನ್ನೆರಡು ಮನೆ ಮಂದಿ ಆ ಕಲ್ಲುಗುಡ್ಡದ ಬುಡದಲ್ಲಿದ್ದರು. ಅವರು ಕಟ್ಟಿದ ಕಟ್ಟಡ ಮುಗಿಯುವುದು, ಅವರ ಗುಡಿಸಲು ಕೀಳುವುದು, ಎರಡೂ ಒಂದೇ ವಾರದಲ್ಲಿ ಆಗುತ್ತಿತ್ತು. ಹಾಗೆ ಕಿತ್ತಿಸಿಕೊಂಡು ಕಿತ್ತಿಸಿಕೊಂಡು ಕೊನೆಗೆ ಇಲ್ಲಿಗೆ ಬಂದು ನಿಂತಿದ್ದರು. ಬರೀ ಬಂಡೆ ಇರುವ ಜಾಗ, ಇದು ಯಾರಿಗೆ ಬೇಕು ಅಂತ ಅವರ ಲೆಕ್ಕ. ಸೊಸೆ ರೇಣುಕಾಗೆ ದಿನ ತುಂಬುತ್ತಾ ಬಂದಿತ್ತು. ಕೂಸು ಹುಟ್ಟಿ ತೊಟ್ಟಿಲಿಗೆ ಹಾಕುವ ತನಕವಾದರೂ ಈ ಸೋರುವ ಮಾಡು ತಲೆಯ ಮೇಲಿರಬೇಕು. ಬಂಡೆಮ್ಮನದು ಅದೊಂದೇ ಹಟ.

ಗುಡ್ಡದ ನೆತ್ತಿಯಲ್ಲಿ ಅಗಲವಾದ ಹಾಸುಬಂಡೆ. ಹೆಂಗಸರು ಅದನ್ನು ಗುಡಿಸಿ ಮೆಣಸಿನಕಾಯಿ, ಸಂಡಿಗೆ, ಬಟ್ಟೆ ಒಣಹಾಕುತ್ತಿದ್ದರು. ಭಾನುವಾರ ಮಾತ್ರ ಅದು ಸಾಫ್ಟ್‌ವೇರ್ ಮಂದಿಯದು. ಬೆಳಿಗ್ಗೆಯೇ ಸುಮೋ, ಕ್ವಾಲಿಸ್‌ಗಳಲ್ಲಿ ಬಂದಿಳಿದು, ಬೆನ್ನಿಗೆ ಚೀಲ, ಸೊಂಟಕ್ಕೆ ಹಗ್ಗ ಬಿಗಿದು ಗುಡ್ಡ ಹತ್ತುತ್ತಿದ್ದರು. ತಲೆಯ ಮೇಲೆ ಬುಟ್ಟಿ ಹೊತ್ತು ಬಂಡೆಮ್ಮ ದಿನಾ ಹತ್ತುವುದಕ್ಕೆ ಯಾವ ಹೆಸರೂ ಇರಲಿಲ್ಲ. ಅವರು ವಾರಕ್ಕೊಮ್ಮೆ ಹತ್ತಿದರೆ ಅದಕ್ಕೆ ಟ್ರೆಕ್ಕಿಂಗ್ ಅಂತ ಹೆಸರು. ಇಳಿದು ಹೋಗುವಾಗ ನೀರಿನ ಬಾಟಲಿ, ಚಿಪ್ಸ್ ಕವರು, ಎಂಜಲು ತಟ್ಟೆ ಅಲ್ಲೇ ಬಿಟ್ಟು ಹೋಗುತ್ತಿದ್ದರು. ಮೆಣಸಿನಕಾಯಿ ಹಾಕುವ ಜಾಗ ನೋಡಿ. ಸಂಜೆಯೊಳಗೆ ಹೆಂಗಸರು ಎಲ್ಲ ಆರಿಸಿ, ರದ್ದಿಯವನಿಗೆಂದು ಗೋಣಿಚೀಲಕ್ಕೆ ತುಂಬಿಡುತ್ತಿದ್ದರು.

ಈ ಮಂದಿಯನ್ನು ಕರೆತರುವವನು ದೀಪಕ. 'ಹಸಿರು ಹೆಜ್ಜೆ' ಅಂತ ಒಂದು ಟ್ರೆಕ್ಕಿಂಗ್ ಕ್ಲಬ್ಬು ಅವನದು. ಅವನಪ್ಪ ತುಮಕೂರು ಕಡೆಯಿಂದ ಬಂದು ಇಲ್ಲಿನ ಸರ್ಕಾರಿ ಕಾರ್ಖಾನೆಯಲ್ಲಿ ದುಡಿದವನು, ಹಾಗಾಗಿ ದೀಪಕನಿಗೆ ಮನೆಯ ಕನ್ನಡವಿತ್ತು. ಗುಡ್ಡದ ದಾರಿಯಲ್ಲಿ ಅವನೊಂದು ಇಂಗ್ಲಿಷ್ ಬೋರ್ಡು ನೆಟ್ಟಿದ್ದ.

"ಏನಂತ ಬರದೀರಿ ಸಾಹೇಬ್ರ?" ಎಂದು ಬಂಡೆಮ್ಮ ಕೇಳಿದ್ದಳು.

"ಗುಡ್ಡದಲ್ಲಿ ಹೆಜ್ಜೆ ಗುರುತು ಬಿಟ್ಟು ಬೇರೇನೂ ಉಳಿಸಿ ಹೋಗಬೇಡಿ ಅಂತ."

"ಕಲ್ಲಿನ ಮ್ಯಾಲ ಹೆಜ್ಜಿ ಎಲ್ಲಿ ಮೂಡ್ತಾವ್ರೀ?"

ದೀಪಕ ನಕ್ಕಿದ್ದ. ಚಂದ ನಗುವ ಮನುಷ್ಯ ಅವನು.

ಒಂದು ಶನಿವಾರ ಅದೇ ನಗು ಹೊತ್ತು ಗುಡಿಸಲ ಮುಂದೆ ಬಂದ.

"ಬಂಡೆಮ್ಮ, ನಾಳೆ ದೊಡ್ಡ ಕಂಪನಿಯವರು ಬರ್ತಿದ್ದಾರೆ. ಎರಡು ಬಸ್ಸು ಜನ. ಗುಡ್ಡ ಕ್ಲೀನ್ ಮಾಡೋದಕ್ಕೆ."

"ಬರ್ಲಿ ಬಿಡ್ರಿ. ಗುಡ್ಡ ಕಿಲೀನೇ ಐತಿ."

"ಅದೇ ಪ್ರಾಬ್ಲಮ್ಮು," ಎಂದ ದೀಪಕ. "ಟೀ ಶರ್ಟು, ಟೋಪಿ, ಗ್ಲೌಸು ಎಲ್ಲಾ ಮಾಡಿಸಿಬಿಟ್ಟಿದ್ದಾರೆ. ಎತ್ತೋದಕ್ಕೆ ಏನೂ ಇಲ್ಲ ಅಂದ್ರೆ ನನ್ನ ಮರ್ಯಾದೆ ಏನಾಗ್ಬೇಕು? ನಿಮ್ಮ ಚೀಲದಲ್ಲಿರೋದನ್ನ ಗುಡ್ಡದ ಮೇಲೆ ಒಂಚೂರು ಚೆಲ್ಲಿಕೊಡಿ."

ರೇಣುಕಾ ಹೊಟ್ಟೆ ಹಿಡಿದುಕೊಂಡು ನಕ್ಕಳು. "ಅತ್ತಿ, ಆರಿಸಿದ್ದನ್ನ ತಿರುಗಿ ಚೆಲ್ಲಬೇಕಂತ!"

ದೀಪಕ ನಗಲಿಲ್ಲ. ದನಿ ತಗ್ಗಿಸಿ ಹೇಳಿದ: "ಕಂಪನಿ ಈ ಗುಡ್ಡಾನ ದತ್ತು ತಗೋತಿದೆ ಬಂಡೆಮ್ಮ."

"ಯಾಕ್ರಿ, ಗುಡ್ಡಕ್ಕ ಅಪ್ಪ ಅವ್ವ ಇಲ್ಲೇನು?" ಒಳಗೆ ಮಲಗಿದ್ದ ಅಂಬಣ್ಣ ಕೇಳಿದ.

"ತಮಾಷೆ ಅಲ್ಲ. ದೊಡ್ಡ ಸಾಹೇಬರಿಗೆ ನಾನೇ ಹೇಳ್ತೀನಿ, ಈ ಜನ ಇಲ್ಲೇ ಇರ್ಲಿ, ಗುಡ್ಡ ನೋಡ್ಕೋತಾರೆ ಅಂತ. ನಿಮ್ಮ ಗುಡಿಸಲು ಯಾರೂ ಮುಟ್ಟಲ್ಲ. ನಾವೆಲ್ಲ ಕನ್ನಡದವರಲ್ವಾ?"

ಬಂಡೆಮ್ಮ ಸೊಸೆಯ ಹೊಟ್ಟೆಯ ಕಡೆ ನೋಡಿದಳು. ಎದ್ದು ಚೀಲದ ಬಾಯಿ ಬಿಚ್ಚಿದಳು.

ಹೆಂಗಸರು ಚೀಲ ಹೊತ್ತು ಗುಡ್ಡ ಹತ್ತಿದರು. ಆದರೆ ಅವರಿಗೆ ಚೆಲ್ಲಲು ಬರಲಿಲ್ಲ. ಕೈ ಮಾತೇ ಕೇಳಲಿಲ್ಲ. ಬಾಟಲಿಗಳನ್ನು ಬಂಡೆಗೆ ಒರಗಿಸಿ ಸಾಲಾಗಿ ನಿಲ್ಲಿಸಿದರು. ಕವರುಗಳು ಗಾಳಿಗೆ ಹಾರಬಾರದೆಂದು ಮೇಲೊಂದು ಕಲ್ಲು ಹೇರಿದರು.

ದೀಪಕ ಹಣೆ ಚಚ್ಚಿಕೊಂಡ. "ಅಂಗಡಿ ಇಟ್ಟ ಹಾಗೆ ಇಡಬೇಡಿ! ಸಾಲು ಹಿಡೀಬಾರದು. ದೂರ ದೂರ ಬಿದ್ದಿರಬೇಕು, ತಾನಾಗೇ ಬಿದ್ದ ಹಾಗೆ."

"ನೀವೇ ಒಮ್ಮೆ ಮಾಡಿ ತೋರಸ್ರಿ," ಎಂದಳು ರೇಣುಕಾ. "ನಿಮ್ಗ ರೂಢಿ ಇರ್ತೈತಿ."

ದೀಪಕ ತೋರಿಸಿದ. ಬಲು ಚಂದ ಎಸೆದ. ಕೈ ಬೀಸಿದ ಕಡೆಯೆಲ್ಲ ಕಸ ಬಹಳ ದಿನದಿಂದ ಅಲ್ಲೇ ಇದ್ದ ಹಾಗೆ ಕಾಣುತ್ತಿತ್ತು. ಎಲ್ಲ ಮುಗಿದ ಮೇಲೆ, 'ಮೊದಲು ಹೇಗಿತ್ತು ಅಂತ ಒಂದು ಇರ್ಲಿ' ಎಂದು ಕ್ಯಾಮೆರಾ ತೆಗೆದು ಫೋಟೋ ಹೊಡೆದ. ಮುಂದೆ ಕಸ, ಕೆಳಗೆ ಗುಡಿಸಲುಗಳು, ನಡುವೆ ಖಾಲಿ ಚೀಲ ಕೊಡವುತ್ತಿದ್ದ ಬಂಡೆಮ್ಮ. ಫೋಟೋ ಅಂತ ಗೊತ್ತಾದ ಕೂಡಲೇ ಆಕೆ ಸೆರಗು ಸರಿಮಾಡಿಕೊಂಡು ನಕ್ಕಳು.

ಮರುದಿನ ಯಾರೂ ಹೊರಗೆ ಕಾಣಿಸಿಕೊಳ್ಳಬೇಡಿ ಎಂದಿದ್ದ. ಗುಡಿಸಲ ಸಂದಿಯಿಂದಲೇ ನೋಡಿದರು. ಹಸಿರು ಟೀ ಶರ್ಟಿನ ಮಂದಿ ಕೂಗಾಡುತ್ತಾ ಕಸ ಹುಡುಕಿದರು. ಒಂದು ಬಾಟಲಿಗಾಗಿ ಇಬ್ಬರು ಕೈಕೈ ಮಿಲಾಯಿಸುವುದೊಂದು ಬಾಕಿ. ನಡುವೆ ಒಬ್ಬ ಹುಡುಗಿ ನೀರು ಕೇಳಿಕೊಂಡು ಬಂದಳು. ನಿರೀಕ್ಷಾ ಅಂತ ಹೆಸರು, ಮಂಡ್ಯ ಕಡೆಯವಳು. "ಅಯ್ಯೋ, ನೀವು ಕನ್ನಡದವರಾ!" ಎಂದು ಬಂಡೆಮ್ಮನ ಕೈ ಹಿಡಿದುಕೊಂಡಳು. ಕೈಗೆ ಗ್ಲೌಸು ಇತ್ತು.

ಮಧ್ಯಾಹ್ನದ ಹೊತ್ತಿಗೆ ಚೀಲಗಳನ್ನೆಲ್ಲ ಲಾರಿಗೆ ಹೇರಿಕೊಂಡು ಹೋದರು. ರದ್ದಿಯೂ ಹೋಯಿತು. ತಿಂಡಿ ತಿಂದ ಥರ್ಮಾಕೋಲ್ ತಟ್ಟೆಗಳು ಮಾತ್ರ ಹಾಸುಬಂಡೆಯ ಮೇಲೆ ಉಳಿದಿದ್ದವು. ಹೆಂಗಸರು ಹತ್ತಿ ಹೋಗಿ ಆರಿಸಿದರು.

ಕೆಲವು ದಿನ ಕಳೆದು ಗುಡ್ಡದ ದಾರಿಗೆ ಹೊಸ ಬೋರ್ಡು ಬಂತು. ಅದನ್ನು ನೆಡಿಸಲು ಬಂದವರಲ್ಲಿ ನಿರೀಕ್ಷಾ ಇದ್ದಳು. ಬಂಡೆಮ್ಮ ನೋಡುತ್ತಾಳೆ, ಬೋರ್ಡಿನ ಮೇಲೆ ತಾನೇ ನಗುತ್ತಿದ್ದಾಳೆ!

"ಯವ್ವಾ, ನನ್ನ ಫೋಟೋ! ಏನ್ ಬರದಾರ ಓದು."

ನಿರೀಕ್ಷಾ ಉತ್ಸಾಹದಿಂದ ಶುರುಮಾಡಿದಳು. "'ಮೊದಲು' ಅಂತ ಇದೆ... 'ಗುಡ್ಡಕ್ಕೆ ಕಸ ಸುರಿಯುತ್ತಿರುವ ಅಕ್ರಮ ಗುಡಿಸಲುಗಳು'..." ಅಷ್ಟರಲ್ಲಿ ಅವಳ ದನಿ ಸಣ್ಣಗಾಯಿತು.

"ಮುಂದ?"

"'ಮುಂದೆ' ಅಂತ ಈ ಚಿತ್ರ. ಹುಲ್ಲುಹಾಸು. ಜವಾಬ್ದಾರಿಯುತ ಪ್ರವಾಸೋದ್ಯಮಕ್ಕಾಗಿ ಗಾಡಿ ನಿಲ್ಲಿಸೋ ಜಾಗ."

"ಗುಡಿಸಲಾ?"

"ತೆಗೀತಾರಂತೆ. ಈ ತಿಂಗಳ ಕೊನೆಗೆ." ನಿರೀಕ್ಷಾ ತಲೆ ಎತ್ತಿದಳು. "ಅಮ್ಮಾ, ನೀವು ನಿಜವಾಗ್ಲೂ ಕಸ ಚೆಲ್ತಿದ್ರಾ?"

"ಚೆಲ್ಲಿದೆವು ಯವ್ವಾ. ನೀವು ಆರಸಾಕ ಬರ್ತೀರಂತ ಚೆಲ್ಲಿದೆವು. ಚೆಲ್ಲಾಕ ಬರಲಿಲ್ಲಂದ್ರ ದೀಪಕ ಸಾಹೇಬ್ರು ನಿಂತು ಕಲಿಸಿದ್ರು."



ಆ ಶುಕ್ರವಾರ ದೀಪಕನೇ ಬಂದ. ನಗು ಸ್ವಲ್ಪ ಮಾಸಿತ್ತು.

"ಫೋಟೋ ಕೊಟ್ಟಿದ್ದಷ್ಟೇ ನಾನು. ಬರೆದಿದ್ದು ಆಫೀಸಿನವರು. ನೀವು ಗಾಬರಿ ಆಗ್ಬೇಡಿ. ಭಾನುವಾರ ದೊಡ್ಡ ಸಾಹೇಬರೇ ಬರ್ತಿದ್ದಾರೆ, ಪೇಪರಿನವರೂ ಇರ್ತಾರೆ. ಇನ್ನೊಂದೇ ಸಲ ಚೆಲ್ಲಿಕೊಟ್ಟುಬಿಡಿ, ನಾನು ಖಂಡಿತ ಮಾತಾಡ್ತೀನಿ."

ಅಂಬಣ್ಣ ಎದ್ದು ನಿಂತ. ಬಂಡೆಮ್ಮ ಅವನ ರಟ್ಟೆ ಹಿಡಿದಳು.

"ಆತು ಬಿಡ್ರಿ ಸಾಹೇಬ್ರ. ಚೆಲ್ಲತೀವಿ. ನೀವು ಕಲಿಸಿದಂಗ."

ದೀಪಕ ಹೋದ ಮೇಲೆ ಅಂಬಣ್ಣ ಚೀರಿದ. "ನಿನಗೇನು ತಲಿ ಕೆಟ್ಟೈತಿ? ಒಮ್ಮಿ ಚೆಲ್ಲಿ ಮನಿ ಕಳಕೊಂಡಿ, ಇನ್ನೊಮ್ಮಿ ಚೆಲ್ಲಿ ಏನ್ ಕಳಕೋತಿ?"

"ಅದೇ ಮಾತು," ಎಂದಳು ಬಂಡೆಮ್ಮ. "ಕಳಕೊಳ್ಳಾಕ ಇನ್ನೇನೈತಿ?" ಸೆರಗು ಸಿಕ್ಕಿಸಿ, ಒಂದೊಂದೇ ಗುಡಿಸಲಿಗೆ ಮಾತಾಡುತ್ತಾ ಹೋದಳು.

ಭಾನುವಾರ ಬೆಳಿಗ್ಗೆ ಬಸ್ಸುಗಳು ಬಂದವು. ದೊಡ್ಡ ಸಾಹೇಬರು ಹೊಸ ಬೂಟು, ಬಿಳಿ ಟೋಪಿ ಹಾಕಿಕೊಂಡು, ಕೈಗೆ ಗ್ಲೌಸು ಏರಿಸುತ್ತಾ ಹತ್ತಿದರು. ಹಿಂದೆ ಕ್ಯಾಮೆರಾದವರು, ಅವರ ಹಿಂದೆ ಹಸಿರು ಟೀ ಶರ್ಟುಗಳು. ನೆತ್ತಿ ತಲುಪಿದವರು ಅಲ್ಲೇ ನಿಂತುಬಿಟ್ಟರು.

ಗುಡ್ಡದ ಮೇಲೆ ಒಂದು ಚೂರು ಕಾಗದವಿರಲಿಲ್ಲ. ಬಂಡೆ ಗುಡಿಸಿ ನೀರು ಚಿಮುಕಿಸಿದ್ದರು. ಬಂಡೆಗೊಬ್ಬರಂತೆ ಮಂದಿ ಕೂತಿದ್ದರು. ಒಬ್ಬಾಕೆ ಕೊಡ ಹಿಡಿದು, ಒಬ್ಬ ಮುದುಕ ಹಾಸಿಗೆಯ ಸುರುಳಿ ಹಿಡಿದು. ರೇಣುಕಾ ತುಂಬಿದ ಹೊಟ್ಟೆಯ ಮೇಲೆ ಕೈ ಇಟ್ಟುಕೊಂಡು ಒಂದು ಕಲ್ಲಿಗೆ ಒರಗಿದ್ದಳು. ಹಾಸುಬಂಡೆಯ ನಟ್ಟನಡುವೆ ಬಂಡೆಮ್ಮ.

ದೀಪಕ ಓಡಿಬಂದು ಪಿಸುಗುಟ್ಟಿದ. "ಏನಮ್ಮಾ ಇದು? ಕಸ ಎಲ್ಲಿ?"

ಬಂಡೆಮ್ಮ ಪಿಸುಗುಟ್ಟಲಿಲ್ಲ. ಗುಡ್ಡಕ್ಕೆಲ್ಲ ಕೇಳುವ ಹಾಗೆ ಹೇಳಿದಳು.

"ಇಲ್ಲೇ ಐತಲ್ರಿ! ನಿಮ್ಮ ಬೋರ್ಡಿನ್ಯಾಗ ಬಂದಿತ್ತಲ್ಲ, ಅದೇ ಕಸ. ಸಾಲು ಹಿಡಿಬ್ಯಾಡ್ರಿ ಅಂದ್ರಿ, ಹಿಡದಿಲ್ಲ ನೋಡ್ರಿ. ದೂರ ದೂರ ಬಿದ್ದೀವಿ. ತಾನಾಗೇ ಬಿದ್ದಂಗ. ಎತ್ತರಿ ಇನ್ನ."

"ಕ್ಯಾ ಬೋಲ್ ರಹೀ ಹೈ?" ಏನು ಹೇಳುತ್ತಿದ್ದಾಳೆ ಎಂದು ದೊಡ್ಡ ಸಾಹೇಬರು ದೀಪಕನನ್ನು ಹಿಂದಿಯಲ್ಲಿ ಕೇಳಿದರು.

"ನೀವೇ ತಿಳಿಸಿ ಹೇಳ್ರಿ," ಎಂದಳು ಬಂಡೆಮ್ಮ. "ನಾವೆಲ್ಲ ಕನ್ನಡದವರಲ್ಲೇನು?"

ದೀಪಕ ಕ್ಯಾಮೆರಾದವರ ಕಡೆ ನೋಡಿ ಒಂದು ಹೆಜ್ಜೆ ಹಿಂದೆ ಸರಿದ. ಹಿಂದಿನಿಂದ ನಿರೀಕ್ಷಾ ಬಂದಳು. ಬಂಡೆಮ್ಮ ಹೇಳಿದ್ದನ್ನು ಒಂದಕ್ಷರ ಬಿಡದೆ ಸಾಹೇಬರಿಗೆ ಹೇಳಿದಳು. ಯಾರು ಯಾರಿಗೆ ಕಸ ಚೆಲ್ಲುವುದನ್ನು ಕಲಿಸಿದರು ಅನ್ನುವುದನ್ನೂ ಸೇರಿಸಿದಳು. ಆಮೇಲೆ ತನ್ನ ಗ್ಲೌಸು ಬಿಚ್ಚಿದಳು. ಬಿಸಾಡಲಿಲ್ಲ, ಮಡಚಿ ಜೇಬಿಗಿಟ್ಟುಕೊಂಡು ಹೋಗಿ ರೇಣುಕಾಳ ಪಕ್ಕ ಕೂತಳು.

ಕ್ಯಾಮೆರಾದವರು ಯಾರ ಫೋಟೋ ಹೊಡೆಯಬೇಕೆಂದು ತಿಳಿಯದೆ ನಿಂತರು. ಸಾಹೇಬರು ತಮ್ಮ ಬಿಳಿ ಗ್ಲೌಸಿನ ಕೈಗಳನ್ನು ಎಲ್ಲಿ ಇಡಬೇಕೆಂದು ತಿಳಿಯದೆ ಗಾಳಿಯಲ್ಲೇ ಹಿಡಿದುಕೊಂಡಿದ್ದರು.

"ಜಲ್ದಿ ಮಾಡ್ರಿ ಸಾಹೇಬ್ರ," ಅಂಬಣ್ಣ ತನ್ನ ಕಲ್ಲಿನ ಮೇಲಿಂದ ಕೂಗಿ ಹೇಳಿದ. "ಬಿಸಲು ಏರಿದ್ರ ಕಲ್ಲು ಸುಡತಾವ. ನಮಗ ರೂಢಿ ಐತಿ, ಕುಂದರತೀವಿ. ನಿಮಗ ನಿಂದರಾಕ ಆಗಂಗಿಲ್ಲ."