ಬರೀ ಮದ್ದಿನ ಕೋವಿ

ಯುಗಾದಿಗೆ ಇನ್ನೂ ಎರಡು ವಾರ ಇತ್ತು. ಬಿಸಿಲು ನೆತ್ತಿಗೆ ಬರುವ ಹೊತ್ತು. ಲೋಕಸಭೆ ಚುನಾವಣೆ ಬಂತೆಂದು ಊರೂರಿನ ಕೋವಿಗಳೆಲ್ಲ ಠಾಣೆ ಸೇರಬೇಕಾಗಿತ್ತು. ಕಡಹಿನಬೈಲಿನ ಪರಮೇಶ್ವರನೂ ತನ್ನ ಕೇಪಿನ ಕೋವಿಯನ್ನು ಹಳೇ ಪಂಚೆಯಲ್ಲಿ ಸುತ್ತಿಕೊಂಡು ನರಸಿಂಹರಾಜಪುರಕ್ಕೆ ಬಂದಿದ್ದ. ಜೊತೆಯಲ್ಲಿ ಹೆಂಡತಿ ತ್ರಿಪುರಸುಂದರಿ. ಲೈಸೆನ್ಸು ಗಂಡನ ಹೆಸರಿನಲ್ಲಿದ್ದರೂ ಆ ಮನೆಯಲ್ಲಿ ಕೋವಿ ಹಿಡಿಯುವವಳು ಹೆಂಡತಿ. ಪರಮೇಶ್ವರನ ಬಲಭುಜ ಜಾರಿ ಹಾಳಾದ ಮೇಲೆ, ಅಂದರೆ ಸುಮಾರು ಇಪ್ಪತ್ತು ವರ್ಷದಿಂದ, ತೋಟಕ್ಕೆ ಬಂದ ಮಂಗಗಳನ್ನು ಓಡಿಸುವ ಕೆಲಸ ಅವಳ ಪಾಲಿಗೆ ಬಂದಿತ್ತು.

ಆ ಮನೆಯ ಕೋವಿಗೆ ಗುಂಡು ಹಾಕುವ ಕ್ರಮವಿರಲಿಲ್ಲ. ಮಂಗ ಎಂದರೆ ಹನುಮಂತನ ಕಡೆಯವರು, ಬಾಳೆಗೊನೆ ತಿಂದರೂ ಏಲಕ್ಕಿ ಕಿತ್ತರೂ ಜೀವ ತೆಗೆಯಬಾರದು ಎಂದು ಪರಮೇಶ್ವರನ ಅಪ್ಪಯ್ಯ ಕಟ್ಟು ಮಾಡಿ ಹೋಗಿದ್ದರು. ನಳಿಗೆಗೆ ಮದ್ದು ಸುರಿಯುವುದು, ತೆಂಗಿನ ನಾರು ಗಿಡಿಯುವುದು, ಸುತ್ತಿಗೆಯ ಹಾಗೆ ಬಡಿಯುವ ಕುದುರೆಯ ಕೆಳಗೆ ಕಿಡಿ ಹೊತ್ತಿಸುವ ಕೇಪು ಇಡುವುದು, ಎಳೆಯುವುದು. ಗುಡ್ಡಕ್ಕೆ ಗುಡ್ಡವೇ ಓಗೊಡುವಂಥ ಸದ್ದು, ಒಂದು ಮೋಡ ಹೊಗೆ, ಅಷ್ಟೇ. ಹಾಗಾಗಿ ತ್ರಿಪುರಸುಂದರಿ ಇಷ್ಟು ವರ್ಷ ಈಡು ಹೊಡೆದಿದ್ದಳೇ ಹೊರತು ಯಾವುದಕ್ಕೂ ಹೊಡೆದಿರಲಿಲ್ಲ.

ಠಾಣೆಯಲ್ಲಿ ಸಾಲು ದೊಡ್ಡದಿತ್ತು. ಗಂಡನನ್ನು ಅಲ್ಲಿ ಬಿಟ್ಟು ನೆರಳು ಹುಡುಕುತ್ತ ಹಿಂದಿನ ರಸ್ತೆಗೆ ಬಂದವಳಿಗೆ ಗಜಾನನನ ಅಡಿಕೆ ಸುಲಿಯುವ ಶೆಡ್ಡಿನಿಂದ ಟಪ್, ಟಪ್ ಎಂದು ಕೇಳಿಸಿತು. ಕೊಯ್ಲು ಮುಗಿದು ತಿಂಗಳುಗಳಾಗಿವೆ, ಈಗ ಎಂಥದ್ದನ್ನು ಸುಲಿಯುತ್ತಿದ್ದಾರೆ ಎಂದು ಬಾಗಿಲಲ್ಲಿ ಇಣುಕಿದಳು. ಯಂತ್ರವನ್ನು ಹೊರಗೆ ಸಾಗಿಸಿ ಶೆಡ್ಡು ಖಾಲಿ ಮಾಡಿದ್ದರು. ಆ ಕೊನೆಯ ಗೋಡೆಗೆ ಒತ್ತಾಗಿ ಮರಳಿನ ಚೀಲ, ಅದರ ಮುಂದೆ ಹಲಗೆ, ಹಲಗೆಗೆ ಅಂಟಿಸಿದ ಕಾಗದ. ಈ ಕೊನೆಯಲ್ಲಿ ಬ್ಯಾಂಕಿನವರ ಹಾಗೆ ಇಸ್ತ್ರಿ ಅಂಗಿ ತೊಟ್ಟ ಒಬ್ಬರು ಉಸಿರು ಕಟ್ಟಿ ಬಂದೂಕು ಹಿಡಿದು ನಿಂತಿದ್ದರು. ಅವರ ಹಿಂದೆ ಕೈಕಟ್ಟಿ ನಿಂತವನು ವೀರಪ್ಪ, ಮುತ್ತಿನಕೊಪ್ಪದವನು, ಮಿಲಿಟರಿಯಿಂದ ನಿವೃತ್ತನಾಗಿ ಬಂದವನು. ಕೊಯ್ಲಿಲ್ಲದ ತಿಂಗಳುಗಳಿಗೆ ಶೆಡ್ಡನ್ನು ಬಾಡಿಗೆಗೆ ಹಿಡಿದು ದೊಡ್ಡವರಿಗೆ ಗುರಿ ಹೊಡೆಯುವುದನ್ನು ಕಲಿಸುತ್ತಿದ್ದ.

ಇಷ್ಟು ಸಣ್ಣ ಸದ್ದಿನಿಂದ ಯಾವ ಪ್ರಾಣಿ ಓಡೀತು ಎಂದು ಅವಳು ಕೇಳಿದಳು. ಯಾವುದೂ ಓಡುವುದಿಲ್ಲ ಎಂದ ವೀರಪ್ಪ. ಗಾಳಿಯ ಒತ್ತಡದಲ್ಲಿ ಹೊಡೆಯುವ ಬಂದೂಕು ಇದು, ಗುಂಡು ಒಂದು ಮೆಣಸಿನ ಕಾಳಿನಷ್ಟು. ಕಾಗದದ ನಡುವಿನ ಕಪ್ಪು, ಸುಲಿದ ಅಡಿಕೆಯ ಗಾತ್ರದ್ದು. ಅದಕ್ಕೆ ತಾಗಿಸಬೇಕು, ಆಟ ಇಷ್ಟೇ. ಆಮೇಲೆ ಒಂದು ಹಳೆಯ ಕಾಗದ ತಂದು ತೋರಿಸಿದ. ಅದರಲ್ಲಿದ್ದ ಪುಟ್ಟ ತೂತುಗಳನ್ನು ತ್ರಿಪುರಸುಂದರಿ ಬೆರಳಾಡಿಸಿ ನೋಡಿದಳು. ಹೊಡೆದದ್ದು ಎಲ್ಲಿಗೆ ಹೋಯಿತೆಂದು ಹೊಡೆದವರು ನೋಡಬಹುದು ಎನ್ನುವುದೇ ಅವಳಿಗೆ ಹೊಸ ಸುದ್ದಿ.

ಪರಮೇಶ್ವರ ಠಾಣೆಯ ಕೆಲಸ ಮುಗಿಸಿ ಹುಡುಕಿಕೊಂಡು ಬರುವಾಗ ಅವಳು ಸೆರಗು ಸೊಂಟಕ್ಕೆ ಸಿಕ್ಕಿಸಿ, ಬಳೆ ಮೊಣಕೈಗೆ ಏರಿಸಿ, ಬಂದೂಕು ಹಿಡಿದು ನಿಂತಿದ್ದಳು. ಗುಂಡು ಕಪ್ಪಿಗೆ ಇರಲಿ, ಕಾಗದಕ್ಕೂ ತಾಗಲಿಲ್ಲ. ಮೇಲೆ, ಬಲಕ್ಕೆ, ಹಲಗೆಯ ಮೂಲೆಗೆ ಹೋಗಿ ನೆಟ್ಟಿತು. ಇನ್ನೊಂದೂ ಅಲ್ಲಿಗೇ. ಮತ್ತೊಂದೂ ಅದರ ಪಕ್ಕಕ್ಕೇ.

"ಎಲ್ಲಾ ಅಲ್ಲಿಗೇ ಎಂತಕ್ಕೆ ಹೋಗ್ತದೆ?" ಎಂದಳು.

ಅದು ಗೊತ್ತಾದ ದಿನ ನೀವು ಕಲಿತ ಹಾಗೆ ಎಂದ ವೀರಪ್ಪ.

ಅಂದಿನಿಂದ ಸಂತೆಯ ದಿನ ಬಂತೆಂದರೆ ಅವಳು ಸಾಮಾನಿನ ಚೀಲವನ್ನು ಬಾಗಿಲಲ್ಲಿಟ್ಟು ಶೆಡ್ಡು ಹೊಗುತ್ತಿದ್ದಳು. ಪರಮೇಶ್ವರ ಬೇಡವೆನ್ನಲಿಲ್ಲ, ಆದರೆ ಅವನ ಬಾಯಿಗೆ ಒಳ್ಳೆಯ ಎಲೆಯಡಿಕೆ ಕವಳ ಸಿಕ್ಕಿದಂತಾಗಿತ್ತು. ಐವತ್ತು ದಾಟಿದವರು ಕಾಶಿಗೆ ಹೋಗುತ್ತಾರೆ, ನನ್ನ ಹೆಂಡತಿ ಕಾಗದ ಬೇಟೆಗೆ ಹೋಗುತ್ತಾಳೆ ಎಂದು ಬಂದವರಿಗೆಲ್ಲ ಹೇಳಿ ನಗುತ್ತಿದ್ದ.

ಅವಳಿಗೆ ಗೆಲ್ಲುವ ಹಂಬಲವೇನೂ ಇರಲಿಲ್ಲ. ತಾನು ಬಿಟ್ಟದ್ದು ತಾನು ನೋಡಿದಲ್ಲಿಗೆ ಹೋಗಿ ಮುಟ್ಟುವುದನ್ನು ಒಂದು ಸಲ ಕಣ್ಣಾರೆ ಕಾಣಬೇಕು, ಇಷ್ಟೇ ಆಸೆ. ಆದರೆ ಈ ಆಸೆ ಹಲ್ಲಿನ ಸಂದಿಗೆ ಸಿಕ್ಕ ಅಡಿಕೆ ಚೂರಿನ ಹಾಗೆ, ಹಗಲಿಡೀ ನಾಲಿಗೆ ಅಲ್ಲಿಗೇ ಹೋಗುತ್ತಿತ್ತು. ಬಂದೂಕಿನ ದೋಷವೇ ಎಂದು ಬೇರೆ ಬಂದೂಕು ಹಿಡಿದು ನೋಡಿದಳು. ಕನ್ನಡಕ ಒರೆಸಿದಳು. ಬೆಳಗ್ಗೆ ಕಾಫಿ ಬಿಟ್ಟಳು. ಕೈ ನಡುಗುತ್ತದೆಯೇ ಎಂದು ತಿಳಿಯಲು ತೋಟದಲ್ಲಿ ಕಾಯಿ ಕೀಳುವ ಉದ್ದ ದೋಟಿ ಎತ್ತಿ ಎತ್ತರದ ಮಾವಿನಮಿಡಿಯೊಂದರ ತೊಟ್ಟಿಗೆ ಕೊಕ್ಕೆ ಹಾಕಿದಳು. ಎಷ್ಟು ಸಲ ಹಾಕಿದರೂ ಕೊಕ್ಕೆ ತೊಟ್ಟಿನ ಮೇಲೇ ಕೂತಿತು. ಅಂದಮೇಲೆ ಕೈಯದು ತಪ್ಪಲ್ಲ. ಹಾಗಾದರೆ ಯಾರದು?

ವೀರಪ್ಪನಿಗೂ ಬಗೆಹರಿಯಲಿಲ್ಲ. ಬಂದೂಕು ಹಿಡಿದವರ ಮುಂದೆ ಯಾರೂ ನಿಲ್ಲಕೂಡದು, ಸುಳಿಯಕೂಡದು ಎನ್ನುವುದು ಅವನ ಶೆಡ್ಡಿನ ಮೊದಲ ಕಾನೂನು. ಅವನು ಯಾವಾಗಲೂ ಅವಳ ಬೆನ್ನ ಹಿಂದೆ ನಿಂತು ಕಾಗದವನ್ನು ನೋಡುತ್ತಿದ್ದ.

ಚುನಾವಣೆ ಮುಗಿದು, ಮೃಗಶಿರ ಮಳೆ ಹಿಡಿಯುವ ಹೊತ್ತಿಗೆ ಠಾಣೆಯಿಂದ ಕೋವಿ ಮನೆಗೆ ಬಂತು. ಮಳೆ ಬಿಟ್ಟ ಒಂದು ಬೆಳಗ್ಗೆ ಮಂಗಗಳು ಹಿತ್ತಿಲ ಬಾಳೆಗೆ ಇಳಿದವು. ತ್ರಿಪುರಸುಂದರಿ ಮದ್ದು ತುಂಬಿ ಅಂಗಳದಲ್ಲಿ ನಿಂತು ಒಂದು ಈಡು ಹಾರಿಸಿದಳು. ಜಗಲಿಯಲ್ಲಿ ಕೂತ ಪರಮೇಶ್ವರ ನಕ್ಕ. ಮಂಗಳಾರತಿ ಹೊತ್ತಿಗೆ ಕಣ್ಣು ಮುಚ್ಚಿ ನಿಲ್ಲುವವರಲ್ಲೂ ನಿನ್ನಷ್ಟು ಭಕ್ತಿ ಕಾಣೆ ಎಂದ.

ಅವಳು ಕೋವಿ ಕೆಳಗಿಳಿಸಿದಳು. "ಯಾರು, ನಾನು ಕಣ್ಣು ಮುಚ್ತೇನಾ?"

"ಕಣ್ಣು ಮುಚ್ಚೂದು ಮಾತ್ರ ಅಲ್ಲ ಮಾರಾಯ್ತಿ, ಮುಖವನ್ನೂ ಆಚೆ ತಿರುಗಿಸ್ತಿ. ನಾನೂ ಹಾಗೇ ಹೊಡೀತಿದ್ದೆ. ಕೇಪಿನ ಕಿಡಿ ಕಣ್ಣಿಗೆ ಹಾರ್ತದೆ ಅಂತ ಅಪ್ಪಯ್ಯ ಹೇಳಿಕೊಟ್ಟದ್ದೇ ಹಂಗಲ್ದಾ?"

ಅದು ನಿಜ. ಕೋವಿಯನ್ನು ಮೊದಲು ಕೈಗೆ ಕೊಟ್ಟ ದಿನ ಮಾವನವರೇ ಹೇಳಿದ್ದರು, ಎಳೆಯುವಾಗ ಮುಖ ಆಚೆ ಮಾಡು ತಂಗಿ ಎಂದು. ಗುಂಡೇ ಇಲ್ಲದ ಕೋವಿಗೆ ಕಣ್ಣು ಬಿಡಬೇಕಾದ ಜರೂರು ಏನು? ಮುಖ ತಿರುಗಿದರೆ ಭುಜ ತಿರುಗುತ್ತದೆ, ಭುಜ ತಿರುಗಿದರೆ ನಳಿಗೆ ಮೇಲೇಳುತ್ತದೆ. ಹಲಗೆಯ ಮೂಲೆಯ ಆ ಗುಂಡುಗಳು ಅವಳಿಗೆ ಅಂಗಳದಿಂದಲೇ ಕಂಡವು.

ಕಾರಣ ಸಿಕ್ಕಿತು, ಮದ್ದು ಸಿಗಲಿಲ್ಲ. ವಿಷಯ ಕೇಳಿದ ವೀರಪ್ಪ ಮುಂದಿನ ವಾರ ಪಕ್ಕಕ್ಕೆ ಬಂದು ನಿಂತು ಅವಳ ಮುಖ ನೋಡಿದ. ಬೆರಳು ಬಿಗಿಯುತ್ತಿದ್ದ ಹಾಗೆ ರೆಪ್ಪೆ ಕೂಡುತ್ತಿತ್ತು, ಕೆನ್ನೆ ಆಚೆ ಸರಿಯುತ್ತಿತ್ತು. ಗುಂಡು ಹಾಕದೆ ಕೊಟ್ಟು ನೋಡಿದ, ಆಗಲೂ ಹಾಗೇ. ಕಣ್ಣು ಬಿಟ್ಟೇ ಇರಬೇಕೆಂದು ಅವಳು ಹಲ್ಲು ಕಚ್ಚಿದರೆ ಹಲ್ಲು ಮಾತು ಕೇಳುತ್ತಿತ್ತು, ಕಣ್ಣು ಕೇಳುತ್ತಿರಲಿಲ್ಲ.

ಶ್ರಾವಣದಲ್ಲಿ ವೀರಪ್ಪ ಇನ್ನೊಂದು ಸುದ್ದಿ ಹೇಳಿದ. ಮಹಾಲಯ ಅಮಾವಾಸ್ಯೆಯೊಳಗೆ ಶೆಡ್ಡು ಬಿಡಬೇಕು, ಈ ವರ್ಷ ಬೇಗ ಕೊಯ್ಲು ಶುರುವಾಗುತ್ತದೆ, ಸುಲಿಯುವ ಯಂತ್ರ ಒಳಗೆ ಬರಬೇಕು ಎಂದು ಗಜಾನನ ಹೇಳಿದ್ದಾನೆ. ತನಗೂ ಘಟ್ಟದ ಕೆಳಗೆ ಒಂದು ಶಾಲೆಯಲ್ಲಿ ಮಕ್ಕಳಿಗೆ ಕಲಿಸುವ ಕೆಲಸ ಸಿಕ್ಕಿದೆ. ಬಂದೂಕುಗಳನ್ನು ತೆಗೆದುಕೊಂಡು ಹೋಗುವುದೇ, ಮತ್ತೆ ಈ ಕಡೆ ಬರುವ ಲೆಕ್ಕವಿಲ್ಲ.

ಬಸ್ಸಿನಲ್ಲಿ ವಾಪಸಾಗುವಾಗ ತ್ರಿಪುರಸುಂದರಿ ಒಂದೇ ವಿಷಯ ಯೋಚಿಸಿದಳು. ಕಣ್ಣು ಹೆದರುವುದು ಕೇಪಿನ ಕಿಡಿಗೆ. ಕಿಡಿಯಿಲ್ಲದ ಬಂದೂಕಿನ ಮುಂದೆ ಅದಕ್ಕೆ ಎಷ್ಟು ಬುದ್ಧಿ ಹೇಳಿದರೂ ಹತ್ತುವುದಿಲ್ಲ. ಕಲಿತದ್ದು ಎಲ್ಲೋ, ಮರೆಸಬೇಕಾದದ್ದೂ ಅಲ್ಲೇ.

ಮರುದಿನ ಮಂಗಗಳು ಬಂದಾಗ ಅವಳು ಗಂಡನ ಸ್ಕೂಟರಿನ ಹೆಲ್ಮೆಟ್ ಹಾಕಿ, ಅದರ ಗಾಜು ಇಳಿಸಿಕೊಂಡು, ಕೋವಿ ಹಿಡಿದು ಅಂಗಳಕ್ಕೆ ಇಳಿದಳು. ಪರಮೇಶ್ವರ ಬಾಯಲ್ಲಿದ್ದ ಕವಳ ಉಗುಳಿ ಬಂದು, ಎಲ್ಲಿಗೆ ಸವಾರಿ ಎಂದು ಕೇಳಿದ. ಅವಳು ಕೋವಿ ಭುಜಕ್ಕೆ ಏರಿಸಿದಳು. ಗಾಜಿನ ಹಿಂದೆ ಕಿಡಿ ಬರುವುದಿಲ್ಲ ಎಂದು ಕಣ್ಣಿಗೆ ಹೇಳಿ ಎಳೆದಳು. ಮೊದಲ ದಿನ ರೆಪ್ಪೆ ಬಡಿಯಿತು. ನಾಲ್ಕಾರು ದಿನ ಹಾಗೇ ಆಯಿತು. ಆಮೇಲೊಂದು ದಿನ ಬಡಿಯಲಿಲ್ಲ.

ಆ ದಿನ ಅವಳು ಕಂಡದ್ದು ಬೇರೆಯೇ. ಕೋವಿಯನ್ನು ಭುಜಕ್ಕೆ ಏರಿಸಿದ್ದೇ ತಡ, ಬಾಳೆಯ ಮೇಲಿದ್ದ ದೊಡ್ಡ ಗಡವ ಕತ್ತೆತ್ತಿ ನೋಡಿತು, ಮರಿಗಳು ತಾಯಂದಿರ ಹೊಟ್ಟೆಗೆ ಅಂಟಿಕೊಂಡವು, ಸರಸರನೆ ಎಲ್ಲ ಹಲಸಿನ ಮರ ದಾಟಿದವು. ಅವಳ ಈಡು ಸಿಡಿದಾಗ ಬಾಳೆಯಲ್ಲಿ ಒಂದು ಎಲೆ ಮಾತ್ರ ತೂಗುತ್ತಿತ್ತು. ಸದ್ದಿಗೆ ಓಡಲು ಅಲ್ಲಿ ಯಾರೂ ಉಳಿದಿರಲಿಲ್ಲ.

ಜಗಲಿಗೆ ಬಂದು ಗಂಡನಿಗೆ ಹೇಳಿದಳು. ಅವನು ಕವಳವನ್ನು ಬಾಯಿಯ ಒಂದು ಬದಿಗೆ ಸರಿಸಿದ. ಆಮೇಲೆ ಕೇಳಿದ. "ಅವು ಓಡಿದ್ದು ಕೋವಿಗೋ, ಹೆಲ್ಮೆಟ್ಟಿಗೋ?"

ಅದೂ ಕೇಳಬೇಕಾದ ಮಾತೇ. ಮಾರನೆಯ ಸಲ ಹೆಲ್ಮೆಟ್ ಬಿಟ್ಟು ಬರೀ ಮುಖದಲ್ಲಿ ಹೋದಳು. ಮೊದಲು ದೋಟಿ ಎತ್ತಿದಳು. ಮಂಗಗಳು ತಿನ್ನುತ್ತಲೇ ಇದ್ದವು. ದೋಟಿ ಇಟ್ಟು ಕೋವಿ ಎತ್ತಿದಳು. ಹಿಂದಿನ ಸಲದ ಹಾಗೇ ಗಡವ ನೋಡಿತು, ಎಲ್ಲ ಹೊರಟವು. ಅವಳೂ ನೋಡುತ್ತಲೇ ಎಳೆದಳು. ಕೇಪು ಸಿಡಿದು ಕಿಡಿ ಹಾರಿತು. ಕನ್ನಡಕಕ್ಕೆ ಒಂದು ಚೂರು ಮಸಿ ಹತ್ತಿತು, ಅಷ್ಟೇ. ಇಷ್ಟು ವರ್ಷದ ಮದ್ದೆಲ್ಲ ಖಾಲಿ ಮರಕ್ಕೆ ಸುರಿದದ್ದು ಎಂದು ಗಂಡ ಹೆಂಡತಿ ಇಬ್ಬರೂ ಕೂತು ನಕ್ಕರು.

ಅಮಾವಾಸ್ಯೆಗೆ ಮುಂಚಿನ ಸೋಮವಾರ ಅವಳು ಕೊನೆಯ ಸಲ ಶೆಡ್ಡಿಗೆ ಹೋದಳು. ಈ ಸಲ ಪರಮೇಶ್ವರನೂ ಬಂದ. ಯಂತ್ರ ಆಗಲೇ ಬಾಗಿಲ ಹೊರಗೆ ಬಂದು ಟಾರ್ಪಾಲು ಹೊದ್ದು ಕೂತಿತ್ತು. ವೀರಪ್ಪ ಉಳಿದ ಒಂದೇ ಹಲಗೆಗೆ ಕಾಗದ ಅಂಟಿಸಿ ಅವಳ ಹಿಂದೆ ಬಂದು ನಿಂತ.

ಅವಳು ಬಳೆ ಮೇಲೇರಿಸಿದಳು. ಕೆನ್ನೆ ಬಂದೂಕಿನ ಮರಕ್ಕೆ ತಾಗಿತು. ಕಪ್ಪು ಕಂಡಿತು, ಕಾಣುತ್ತಲೇ ಇತ್ತು. ಬೆರಳು ಬಿಗಿಯುವಾಗಲೂ ಕಾಣುತ್ತಿತ್ತು, ಟಪ್ ಎಂದಾಗಲೂ ಕಾಣುತ್ತಿತ್ತು. ಕಾಗದ ಒಂದು ಚೂರು ಅಲುಗಿತು, ನೀರಿನ ಮೇಲೆ ಹುಳ ಕೂತ ಹಾಗೆ.

ವೀರಪ್ಪ ಕಾಗದ ತರಲು ಹೊರಟ. ಅವಳು ಬಂದೂಕು ಕೆಳಗಿಟ್ಟು ತಡೆದಳು. "ನಿಲ್ಲಿ ವೀರಪ್ಪನವರೇ, ಎಲ್ಲಿ ಅಂತ ನಾನೇ ಹೇಳ್ತೇನೆ. ಕಪ್ಪಿನ ಕೆಳಗೆ, ಬಲದ ಅಂಚು. ಅರ್ಧ ಒಳಗೆ, ಅರ್ಧ ಹೊರಗೆ."

ಅವನು ಹೋಗಿ ಬಿಚ್ಚಿ ತಂದ. ಅವಳು ಹೇಳಿದಲ್ಲೇ ಇತ್ತು. ಪರಮೇಶ್ವರ ಅದನ್ನು ಕೈಗೆ ತೆಗೆದುಕೊಂಡು ಬೆಳಕಿಗೆ ಹಿಡಿದು ತೂತಿನಿಂದ ನೋಡಿದ, ಏನೂ ಹಂಗಿಸಲಿಲ್ಲ. ಆಮೇಲೆ ಹೊಡೆದವುಗಳಲ್ಲಿ ಒಂದು ಪೂರಾ ಕಪ್ಪಿನೊಳಗೆ ಹೋಯಿತು, ಒಂದೆರಡು ಕಾಗದದ ಬಿಳಿಗೆ ಹೋದವು, ಒಂದು ಹಲಗೆಗೆ. ಯಾವುದು ಎಲ್ಲಿಗೆ ಹೋಯಿತು ಎಂದು ಪ್ರತಿಯೊಂದಕ್ಕೂ ಅವಳು ಮೊದಲೇ ಹೇಳಿದಳು. ಹಲಗೆಗೆ ಹೋದದ್ದನ್ನು ಹೇಳುವಾಗಲೂ ಅವಳ ದನಿಯಲ್ಲಿ ಅಷ್ಟೇ ಖುಷಿ ಇತ್ತು.

ಅಮಾವಾಸ್ಯೆಯ ದಿನ ಹೊರಡುವುದು ಬೇಡವೆಂದು ವೀರಪ್ಪ ಒಂದು ದಿನ ತಡೆದ. ನವರಾತ್ರಿಯ ಮೊದಲ ದಿನ, ಗುರುವಾರ, ಬೆಳಗಿನ ಕೊಪ್ಪದ ಬಸ್ಸಿನಲ್ಲಿ, ಬಂದೂಕಿನ ಪೆಟ್ಟಿಗೆಗಳನ್ನು ಕಾಲ ಬಳಿ ಇಟ್ಟುಕೊಂಡು ಘಟ್ಟದ ಕೆಳಗೆ ಹೊರಟುಹೋದ.