ಟೂರೆ ಹಾಕಿದ ತಪ್ಪು ಗೆರೆ

ಊರಿನ ಹೆಂಗಸರಿಗೆಲ್ಲ ಅಡುಗೆಮನೆ ಕಟ್ಟಿಕೊಟ್ಟ ಬಡಗಿ ಟೂರೆ, ತನ್ನ ಹೆಂಡತಿ ಹಿಲ್ಡುರ್‌ಗೆ ಮಾತ್ರ ಒಂದು ಹಲಗೆಯನ್ನೂ ಹೊಡೆದುಕೊಡದೆ ಸತ್ತುಹೋದ. ಉತ್ತರದ ಹಿಮನಾಡು ಯೆಮ್ಟ್‌ಲಾಂಡಿನ ಆ ಸರೋವರದ ದಡದಲ್ಲಿ ಯಾರ ಮನೆಗೆ ಕಾಫಿಗೆ ಹೋದರೂ ಅವಳ ಕಣ್ಣಿಗೆ ಬೀಳುತ್ತಿದ್ದುದು ಗಂಡನ ಕೈಕೆಲಸವೇ. ತನ್ನ ಮನೆಗೆ ಬಂದರೆ ಅತ್ತೆಯ ಕಾಲದ ಮೋಟು ಮೇಜು. ಆಳೆತ್ತರದ ಹಿಲ್ಡುರ್ ಅದರ ಮೇಲೆ ಬಗ್ಗಿ ಹಿಟ್ಟು ನಾದಿ ನಾದಿ ನಡು ಹಿಡಿಸಿಕೊಂಡಿದ್ದಳು. ಮೊದಮೊದಲು ಕೇಳಿದಳು, ಜಗಳವಾಡಿದಳು, ಆಮೇಲೆ ಬಾಯಿ ಮುಚ್ಚಿಕೊಂಡಳು. ಇವನ ಕಣ್ಣಿಗೆ ನಾನು ಬಿದ್ದೇ ಇಲ್ಲ ಎಂದು ಒಳಗೊಳಗೇ ತೀರ್ಮಾನಿಸಿಬಿಟ್ಟಿದ್ದಳು. ಮಣ್ಣು ಮಾಡುವ ದಿನ ಕೂಡ ಅವಳಿಗೆ ಅಳು ಬರಲಿಲ್ಲ. ಜನ ಅದನ್ನು ಗಟ್ಟಿತನ ಎಂದುಕೊಂಡರು.

ಬೇಸಿಗೆ ಬಂದಾಗ ಅವನ ಹತಾರದ ಪೆಟ್ಟಿಗೆಯನ್ನು ಊರಿನ ಹಳೇ ಸಾಮಾನುಗಳನ್ನು ಜೋಡಿಸಿಟ್ಟ ಸಂಗ್ರಹದ ಮನೆಗೆ ಕೊಟ್ಟು ಕೈತೊಳೆದುಕೊಳ್ಳಲು ಹೊರಟಳು. ಅದನ್ನು ನೋಡಿಕೊಳ್ಳುತ್ತಿದ್ದ ಮಾಯ್‌ಬ್ರಿಟ್‌ಗೆ ಹತಾರ ಎಂದರೆ ಸುತ್ತಿಗೆ, ಗರಗಸ, ಅಷ್ಟೇ. ಉಳಿದವುಗಳ ಹೆಸರು ಹೇಳಲಿ ಎಂದು ಆಲ್ಗೊಟ್‌ನನ್ನು ಕರೆಸಿದ್ದಳು. ಆಲ್ಗೊಟ್ ಕೂಡ ಹಳೇ ಬಡಗಿ, ಟೂರೆಯ ಜೊತೆ ಅರ್ಧ ಆಯುಷ್ಯ ಕೆಲಸ ಮಾಡಿದವನು, ಇನ್ನರ್ಧ ಅವನ ಕೆಲಸದಲ್ಲಿ ಹುಳುಕು ಹುಡುಕಿದವನು.

ಆಲ್ಗೊಟ್ ಕಾಫಿಯನ್ನು ಬಸಿಗೆ ಬಗ್ಗಿಸಿಕೊಂಡು, ಹಲ್ಲಿನ ಮಧ್ಯೆ ಸಕ್ಕರೆ ತುಂಡು ಕಚ್ಚಿಕೊಂಡು ಕೂತ. ಮಾಯ್‌ಬ್ರಿಟ್ ಒಂದೊಂದೇ ಎತ್ತಿ ತೋರಿಸಿದಳು.

"ಇದು ಬೆಣ್ಣೆ ಅಚ್ಚು ಅಲ್ವಾ?"

"ಅಚ್ಚಂತೆ. ಬೆಣ್ಣೆಗೆ ಮೊಳೆ ಯಾಕಮ್ಮಾ? ಗೆರೆ ಹಾಕೋ ಹತಾರ ಇದು, ಹಲಗೆ ಅಂಚಿಗೆ ಒತ್ತಿ ಎಳೆದ್ರೆ ಉದ್ದಕ್ಕೂ ಒಂದೇ ಸಮ ಗೀರು ಬೀಳುತ್ತೆ."

"ಇಷ್ಟು ದೊಡ್ಡ ಇಕ್ಕಳ?"

"ಕೈವಾರ. ಬಾಗಿಲ ಕಮಾನಿಗೆ. ನೀನು ಅದ್ರಲ್ಲಿ ಆಲೂಗಡ್ಡೆ ಎತ್ತಬೇಡ."

ಹಿಲ್ಡುರ್ ಕೋಟು ಕೂಡ ಬಿಚ್ಚದೆ ಕೂತಿದ್ದಳು. ಬೇಗ ಮುಗಿದರೆ ಸಾಕಾಗಿತ್ತು.

ಕೊನೆಗೆ ಉಳಿದದ್ದು ಒಂದು ಕೋಲು. ಹತ್ತರಿ ಹಾಕಿ ಚಪ್ಪಟೆಯಾಗಿ ಹೆರೆದ ಪೈನ್ ಮರದ ಪಟ್ಟಿ, ಹಿಲ್ಡುರ್‌ಗಿಂತಲೂ ಉದ್ದ. ಅಂಕಿಯಿಲ್ಲ, ಅಕ್ಷರವಿಲ್ಲ, ಅಲ್ಲಲ್ಲಿ ಚಾಕುವಿನಿಂದ ಅಡ್ಡ ಗೆರೆ, ಅಷ್ಟೇ. ಹಿಮ ಅಳೆಯುವುದಕ್ಕಿರಬೇಕು ಎಂದಳು ಮಾಯ್‌ಬ್ರಿಟ್. ಆಲ್ಗೊಟ್ ಈ ಸಲ ಚುಚ್ಚಲಿಲ್ಲ. ಕೋಲನ್ನು ನೆಲಕ್ಕೆ ನಿಲ್ಲಿಸಿ, ಗೆರೆಗಳ ಮೇಲೆ ಹೆಬ್ಬೆರಳು ಆಡಿಸಿದ.

"ಅಡುಗೆಮನೆ ಕೋಲು ಇದು. ಪ್ರತಿ ಸಲ ಅಳೀತಾ ಕೂತ್ರೆ ಎಲ್ಲೋ ಒಂದು ಕಡೆ ಎಡವಟ್ಟಾಗುತ್ತೆ. ಅದಕ್ಕೆ ಎಲ್ಲಾ ಎತ್ತರನೂ ಒಂದೇ ಕೋಲಿಗೆ ಹಾಕ್ಕೊಂಡು, ಗೋಡೆಗೆ ನಿಲ್ಸಿ ಗುರುತು ಮಾಡೋದು. ಮನೆಗೊಂದು ಕೋಲು."

"ಯಾವ ಪುಣ್ಯಾತ್ಗಿತ್ತಿ ಮನೇದು?" ಹಿಲ್ಡುರ್ ಕೇಳಿದಳು. ದನಿ ಕಹಿಯಾಗಿತ್ತು.

"ಯಾರದೂ ಅಲ್ಲ ಮಾರಾಯ್ತಿ, ಇದು ಕೆಟ್ಟುಹೋದ ಕೋಲು. ನೋಡು, ಇದು ಮೇಜಿನ ಗೆರೆ, ಎಲ್ರಿಗೂ ಹಾಕೋದಕ್ಕಿಂತ ಒಂದು ಗೇಣು ಮೇಲಿದೆ. ತಟ್ಟೆ ಇಡೋ ಹಲಗೆ ಗೆರೆ ಮೊದ್ಲು ಅಲ್ಲೆಲ್ಲೋ ಆಕಾಶದಲ್ಲಿ ಹಾಕಿದಾನೆ. ಆಮೇಲೆ ಅದ್ರ ಮೇಲೆ ಹಾವಿನ ಥರ ಗೀಚಿದಾನೆ. ರದ್ದು ಅಂತ ಅರ್ಥ, ನಾವೆಲ್ಲ ಹಾಗೇ ಮಾಡೋದು. ರದ್ದು ಮಾಡಿ ಎಲ್ಲಿಗೆ ತಂದ? ಇಲ್ಲಿಗೆ, ಭುಜದ ಮಟ್ಟಕ್ಕೆ. ಮೇಜಿನಿಂದ ಕಾಫಿ ಕೆಟಲ್ ಎತ್ತಿದ್ರೆ ಹಲಗೆಗೆ ತಾಗುತ್ತೆ." ಅವನು ನಕ್ಕ, ಕುಹಕವಿರಲಿಲ್ಲ. "ರಾಕ್ಷಸಿಗೆ ಮೇಜು, ಮಗೂಗೆ ಹಲಗೆ. ಕೊನೆಕೊನೆಗೆ ಟೂರೆಗೂ ಕೈ ತಪ್ಪಿತ್ತು ಪಾಪ."

ಹಿಲ್ಡುರ್ ಎದ್ದಳು. ಕೋಲಿನ ಪಕ್ಕ ಬಂದು ನಿಂತು, ಹಿಟ್ಟು ನಾದುವವಳ ಹಾಗೆ ಮೊಣಕೈ ಮಡಿಸಿದಳು. ಅಂಗೈ ಬಂದು ಕೂತದ್ದು ಮೇಜಿನ ಗೆರೆಯ ಮೇಲೆ. ಬೆನ್ನು ನೆಟ್ಟಗೇ ಇತ್ತು. ಎಡಗೈ ಮೇಲೆತ್ತಿದಳು. ಗೀಚಿ ರದ್ದು ಮಾಡಿದ ಗೆರೆ ಬೆರಳ ತುದಿಗೆ ಸಿಕ್ಕಿತು.

ಬಲಗೈ ಎತ್ತುವಾಗ ಮಾತ್ರ ಅವಳು ಹಿಂಜರಿದಳು. ಹುಲ್ಲಟ್ಟದ ಏಣಿಯಿಂದ ಬಿದ್ದ ಮೇಲೆ ಆ ಕೈ ಭುಜದಿಂದಾಚೆಗೆ ಏಳುತ್ತಿರಲಿಲ್ಲ. ಅದನ್ನು ಅವಳು ಯಾರಿಗೂ ಹೇಳಿರಲಿಲ್ಲ, ಗಂಡನಿಗೂ. ಹೇಳಿ ಏನಾಗಬೇಕು ಎಂಬ ಹಟ. ತಟ್ಟೆಗಳನ್ನು ಸದ್ದಿಲ್ಲದೆ ಕೆಳಗಿನ ಗೂಡಿಗೆ ಇಳಿಸಿಕೊಂಡಿದ್ದಳು, ಅವನೆದುರು ಎಲ್ಲಕ್ಕೂ ಎಡಗೈ ಚಾಚುತ್ತಿದ್ದಳು. ಈಗ ಬಲಗೈಯನ್ನು ನಿಧಾನವಾಗಿ, ನೋವು ಶುರುವಾಗುವವರೆಗೆ ಎತ್ತಿದಳು. ಬೆರಳು ನಿಂತ ಕಡೆ ಹೊಸ ಗೆರೆ ಇತ್ತು.

ಆಲ್ಗೊಟ್ ತುಟಿಯೊಳಗೆ ಸುಯ್ ಎಂದು ಉಸಿರೆಳೆದುಕೊಂಡ. ಆ ಕಡೆಯವರು ಹೌದು ಅನ್ನುವುದೇ ಹಾಗೆ.

"ನೋಡಿದ್ದ," ಎಂದಳು ಹಿಲ್ಡುರ್. "ಎಲ್ಲಾ ನೋಡಿದ್ದ, ಆಲ್ಗೊಟ್. ಬಾಯಿಬಿಟ್ಟು ಒಂದು ಮಾತು ಆಡಿದ್ರೆ ಇವನ ಗಂಟೇನು ಹೋಗ್ತಿತ್ತು?"

"ನೀನು ಆಡಿದ್ಯಾ?"

ಹಿಲ್ಡುರ್ ಕುರ್ಚಿಯ ಮೇಲೆ ಕೂತಳು, ಕೋಲು ಮಾತ್ರ ಕೈಬಿಡಲಿಲ್ಲ. ಮಾಯ್‌ಬ್ರಿಟ್ ಇನ್ನೊಂದು ಲೋಟ ಕಾಫಿ ತಂದಿಟ್ಟು, ಏನೂ ಕೇಳದೆ ಕಿಟಕಿಯತ್ತ ಹೋದಳು. ಒಳ್ಳೆಯ ಹುಡುಗಿ.

"ಮರ ನನ್ನ ಹತ್ರ ಇದೆ," ಎಂದ ಆಲ್ಗೊಟ್. "ಇದೇ ಗೆರೆಗೆ ಅಡುಗೆಮನೆ ಮಾಡ್ಕೊಡ್ತೀನಿ. ಒಂದು ಕೂದಲೆಳೆ ಆಚೀಚೆ ಆಗಲ್ಲ."

"ಮಾಡು," ಎಂದಳು.

ಪೆಟ್ಟಿಗೆಯನ್ನು ಅಲ್ಲೇ ಬಿಟ್ಟು ಕೋಲೊಂದನ್ನೇ ಎತ್ತಿಕೊಂಡು ಮನೆಗೆ ನಡೆದಳು. ಅಡುಗೆಮನೆಯ ಗೋಡೆಗೆ ಅದನ್ನು ಒರಗಿಸಿ, ಬಾಗಿಲು ಹಾಕಿಕೊಂಡು, ಎದುರಿಗೆ ನಿಂತು ಗಂಡನನ್ನು ಬಾಯಿತುಂಬ ಬೈದಳು, ಬೈಯುತ್ತ ಬೈಯುತ್ತ ಅತ್ತಳು.