ಒಕ್‌ಬುನ್ ಅಕ್ಕ ಕ್ಷಮಿಸಲಿಲ್ಲ

ಮೊಕ್ಪೊ ಬಂದರಿನ ಮೀನು ಮಾರ್ಕೆಟ್ಟಿನಲ್ಲಿ ನನ್ನ ಪಕ್ಕದ ಅಂಗಡಿ ಒಕ್‌ಬುನ್ ಅಕ್ಕನದು. ಒಂದು ಬೆಳಿಗ್ಗೆ ಆಕ್ಟೋಪಸ್ ತೊಳೆಯುತ್ತಿದ್ದವಳು ದವಡೆ ಹಿಡಿದುಕೊಂಡು ಕೂತುಬಿಟ್ಟಳು. ಬೆನ್ನು ಸೀಳುತ್ತಿದೆ, ಹೊಟ್ಟೆ ತೊಳಸುತ್ತಿದೆ ಅಂದಳು. ನಾನೇ ಆಸ್ಪತ್ರೆಗೆ ಕರೆದುಕೊಂಡು ಹೋದೆ.

ಪ್ಯೋ ಎಂಬ ಹೃದಯದ ಡಾಕ್ಟರು ಅವಳ ನಾಡಿಯನ್ನೂ ಮುಟ್ಟಲಿಲ್ಲ.

"ಎದೆನೋವಿಲ್ಲ ಅಂತೀರಿ. ಗಂಡನ ಜೊತೆ ಜಗಳ ಆಡಿದ್ರಾ? ಮುಟ್ಟು ನಿಲ್ಲೋ ವಯಸ್ಸು. ಇದು ಸಿಟ್ಟಿನ ಕಾಯಿಲೆ ಅಮ್ಮ, ಮಲಗೆದ್ರೆ ಹೋಗುತ್ತೆ," ಎಂದು ನಕ್ಕು ನಿದ್ದೆ ಮಾತ್ರೆ ಬರೆದುಕೊಟ್ಟ. ಅಷ್ಟರಲ್ಲಿ ಎದೆ ಒತ್ತಿಕೊಂಡು ಬಂದ ಗಂಡಸೊಬ್ಬನನ್ನು ಓಡೋಡಿ ಒಳಗೆ ಸಾಗಿಸಿದರು.

ಸಂಜೆ ಅಕ್ಕ ಕುಸಿದುಬಿದ್ದಳು. ಗ್ವಾಂಗ್‌ಜು ನಗರದ ದೊಡ್ಡಾಸ್ಪತ್ರೆಯಲ್ಲಿ ಜೀವ ಉಳಿಯಿತು, ಅರ್ಧ ಹೃದಯ ಸತ್ತಿತ್ತು.

"ಹೃದಯಾಘಾತ ಹೆಂಗಸರಿಗೆ ಎಷ್ಟೋ ಸಲ ಹೀಗೂ ಬರುತ್ತೆ," ಎಂದಳು ಅಲ್ಲಿನ ಡಾಕ್ಟರಮ್ಮ. "ಬಹಳ ಕಾಲ ಸಂಶೋಧನೆ ಹೆಚ್ಚಾಗಿ ಗಂಡಸರ ಮೇಲೇ ನಡೀತು. ಕೆಲವರು ಇನ್ನೂ ಅದನ್ನೇ ನಂಬ್ಕೊಂಡಿದ್ದಾರೆ."

ಅಕ್ಕ ಎದ್ದು ಓಡಾಡುವಂತಾದ ಕೂಡಲೇ ಪ್ಯೋ ಮೇಲೆ ಕೇಸು ಹಾಕಿದಳು.

ಪ್ಯೋ ಪಿಯರ್ ಹಣ್ಣಿನ ಪೆಟ್ಟಿಗೆ ಹೊತ್ತುಕೊಂಡು ಮಾರ್ಕೆಟ್ಟಿಗೇ ಬಂದ. "ತಪ್ಪಾಯ್ತು ಅಮ್ಮ. ಕೇಸು ವಾಪಸ್ ತಗೊಳ್ಳಿ."

"ಅವತ್ತು ನನಗೆ ಹೇಳಿದ್ದನ್ನ ಇವರೆಲ್ಲರ ಮುಂದೆ ಹೇಳಿ. ಆಮೇಲೆ ಯೋಚನೆ ಮಾಡ್ತೀನಿ."

ಮೀನು ಕೊಯ್ಯುವ ಕತ್ತಿ ಕೈಯಲ್ಲೇ ಹಿಡಿದು ಹೆಂಗಸರು ಸುತ್ತುಗಟ್ಟಿದರು. ನಾನು ವೀಡಿಯೊ ಮಾಡಲು ಫೋನು ಎತ್ತಿ ಹಿಡಿದೆ. ಅವನು ಗೊಣಗಿದ.

"ಕೇಳಿಸ್ತಿಲ್ಲ ಡಾಕ್ಟ್ರೇ! ಗಂಡನ ಜಗಳದ ವಿಷಯ ಬಿಟ್ಬಿಟ್ರಿ!"

"ಮುಟ್ಟಿನ ಮಾತಿಗೆ ಈಗ್ಯಾಕೆ ನಾಚಿಕೆ?"

"ಹತ್ತಿರ ಬರಬೇಡಿ, ನಮಗೆಲ್ಲ ಸಿಟ್ಟಿನ ಕಾಯಿಲೆ!"

ನಗು ತಗಡಿನ ಮಾಡಿಗೆ ಬಡಿಯಿತು. ಬೆವರುತ್ತ ಅವನು ಪ್ರತಿ ಮಾತನ್ನೂ ಗಟ್ಟಿಯಾಗಿ ಹೇಳಿ ಮುಗಿಸಿದ. "ಈಗ ಕೇಸು?"

"ಯೋಚನೆ ಮಾಡಿದೆ," ಎಂದಳು ಅಕ್ಕ. "ವಾಪಸ್ ತಗೊಳ್ಳಲ್ಲ."

ಹಣ್ಣಿನ ಪೆಟ್ಟಿಗೆಯನ್ನು ಅವನ ಕೈಗೇ ತುರುಕಿದಳು. ಫೋನಿನಲ್ಲಿ ಹಿಡಿದಿದ್ದನ್ನು ವಕೀಲರು ನ್ಯಾಯಾಲಯದಲ್ಲಿ ತೋರಿಸಿದರು. ತೀರ್ಪು ನಮ್ಮ ಕಡೆಗಾಯಿತು. ಹೃದಯ ವಿಭಾಗದ ಮುಖ್ಯಸ್ಥನ ಕುರ್ಚಿ ಅವನ ಕೈತಪ್ಪಿತು. ಹೆಂಗಸರಿಗೆ ದವಡೆ, ಬೆನ್ನು ನೋವು ಬಂದರೂ ಮೊದಲು ಹೃದಯ ನೋಡಬೇಕೆಂದು ಅವನ ಆಸ್ಪತ್ರೆ ಹೊಸ ನಿಯಮ ಮಾಡಿತು.

ತೀರ್ಪಿನ ದಿನ ನ್ಯಾಯಾಲಯದ ಮೆಟ್ಟಿಲಿಳಿಯಲು ಅಕ್ಕನಿಗೆ ಉಸಿರು ಸಾಲಲಿಲ್ಲ. ನನ್ನ ತೋಳು ಹಿಡಿದು ನಡುವೆಯೇ ನಿಂತಳು. ಕೆಳಗೆ ಪ್ಯೋ ತಲೆ ತಗ್ಗಿಸಿಕೊಂಡು ಕಾರು ಹತ್ತುತ್ತಿದ್ದ.

"ಸಮಾಧಾನ ಆಯ್ತಾ ಅಕ್ಕ?"

ಕಾರು ಮರೆಯಾಗುವವರೆಗೂ ನೋಡಿದಳು.

"ಆಯ್ತು," ಎಂದಳು. "ಆದ್ರೆ ಸಾಲದು."